ಈಜಿಪ್ಟಿನ ಚಿತ್ರಲಿಪಿಯನ್ನು ಓದಿದ ಬಗೆ

೧

ನೈಲ್ ನದಿಯ ಇಕ್ಕೆಲಗಳಲ್ಲಿರುವ ದೇವಾಲಯಗಳ ಗೋಡೆಗಳನ್ನೂ ಕಂಬಗಳನ್ನೂ ಗೋರಿಗಳ ಒಳಭಿತ್ತಿಗಳನ್ನೂ ತುಂಬಿರುವ ಚಿತ್ರಾಕ್ಷರಗಳು ಜನರ ಕಣ್ಣಿಗೆ ಎಂದೂ ಸಂಪೂರ್ಣವಾಗಿ ಮರೆಯಾಗಿರಲಿಲ್ಲ. ಹಕ್ಕಿ, ಹಾವು, ಸಿಂಹ, ಕಣ್ಣು, ಬಾಯಿ, ಕೈ, ಸೂರ್ಯಮಂಡಲ ಮೊದಲಾದ ಆ ರೂಪಗಳು ನಿನ್ನೆ ಕಡೆದವೋ ಎಂಬಂತೆ ಸ್ಫುಟವಾಗಿದ್ದುವು. ಯಾತ್ರಿಕರು ಕಂಡರು, ವರ್ತಕರು ಕಂಡರು, ಆ ನೆಲದಲ್ಲಿಯೇ ಹುಟ್ಟಿ ಬೆಳೆದ ಒಕ್ಕಲುಮಕ್ಕಳು ದಿನವೂ ಕಂಡರು. ಆದರೆ ಸುಮಾರು ಹದಿನಾಲ್ಕು ಶತಮಾನಗಳ ಕಾಲ ಅವುಗಳನ್ನು ಓದಬಲ್ಲವರು ಭೂಮಂಡಲದಲ್ಲಿ ಒಬ್ಬರೂ ಇರಲಿಲ್ಲ.

ಈ ಲಿಪಿಯಲ್ಲಿ ಬರೆದ, ಕಾಲವು ಗೊತ್ತಿರುವ ಕೊನೆಯ ಬರಹವು ಫಿಲೇ ದ್ವೀಪದ ದೇವಾಲಯದಲ್ಲಿ ದೊರೆತಿದೆ. ಅದನ್ನು ಕೊರೆದವನು ಎಸ್ಮೆತ್-ಆಖೊಮ್ ಎಂಬ ಅರ್ಚಕನು, ಕಾಲವು ಕ್ರಿ. ಶ. ೩೯೪ನೆಯ ಆಗಸ್ಟ್ ೨೪. ಅದರ ಸಂಗಡಿಗ ಲಿಪಿಯಾದ, ಜನಸಾಮಾನ್ಯರ ವ್ಯವಹಾರಕ್ಕೆ ಬಳಕೆಯಾಗುತ್ತಿದ್ದ ಡೆಮೋಟಿಕ್ ಎಂಬ ಮೋಡಿಬರಹವು ಅದೇ ಸ್ಥಳದಲ್ಲಿ ಕ್ರಿ. ಶ. ೪೫೨ರವರೆಗೆ ಉಳಿದುಕೊಂಡಿತ್ತು. ಆ ವೇಳೆಗೆ ದೇಶವು ಕ್ರೈಸ್ತಮತವನ್ನು ಅಂಗೀಕರಿಸಿತ್ತು. ಹಳೆಯ ದೇವಾಲಯಗಳು ಮುಚ್ಚಿಹೋಗುತ್ತಿದ್ದುವು. ಲಿಪಿಯನ್ನು ಕಲಿಸುತ್ತಿದ್ದವರು ಅರ್ಚಕರೇ ಆದುದರಿಂದ ಅರ್ಚಕರ ಪರಂಪರೆಯೊಡನೆ ಅಕ್ಷರವಿದ್ಯೆಯೂ ಕೊನೆಗಂಡಿತು. ಮೂರು ಸಹಸ್ರ ವರ್ಷಗಳಿಗೂ ಹೆಚ್ಚು ಕಾಲ ಬಾಳಿದ ಬರಹವು ಒಂದೆರಡು ತಲೆಮಾರುಗಳಲ್ಲಿ ಮೂಕವಾಯಿತು.

ಆ ಮೂಕಶಿಲೆಗಳು ಮರಳಿ ಮಾತಾಡಿದುದು ಹೇಗೆ ಎಂಬ ಕಥೆಯು ಸ್ವತಃ ಕುತೂಹಲಕರವಾದುದು. ಆದರೆ ಈ ಲೇಖನದ ಉದ್ದೇಶವು ಕಥೆಯನ್ನು ಹೇಳುವುದಷ್ಟೇ ಅಲ್ಲ. ಸತ್ತುಹೋದ ಲಿಪಿಯೊಂದನ್ನು ತಾನು ಓದಿದೆನೆಂದು ಒಬ್ಬನು ಹೇಳಿದರೆ ಆತನ ಮಾತನ್ನು ನಾವು ಯಾವ ಆಧಾರದಿಂದ ನಂಬಬೇಕು? ತಪ್ಪಿದೆಯೆಂದು ಹೇಳಲು ಆ ಭಾಷೆಯನ್ನಾಡುವವರು ಯಾರೂ ಬದುಕಿಲ್ಲ. ಬರೆದವರು ಎದ್ದು ಬಂದು ಸಾಕ್ಷಿ ನುಡಿಯುವಂತಿಲ್ಲ. ಹೀಗಿರಲು ಓದಿಗೂ ಊಹೆಗೂ ಇರುವ ಅಂತರವನ್ನು ಗೊತ್ತುಮಾಡುವ ಬಗೆ ಯಾವುದು? ಈಜಿಪ್ಟಿನ ಪುರಾತತ್ತ್ವವಿದ್ಯೆಯು ಒಂದು ಶಾಸ್ತ್ರವೆನಿಸಿಕೊಂಡುದು ಈ ಪ್ರಶ್ನೆಗೆ ಉತ್ತರವನ್ನು ಕಂಡುಕೊಂಡುದರಿಂದಲೇ. ಪ್ರಾಚೀನ ಶಾಸನಗಳಲ್ಲಿಯೂ ನಾಡಿನ ಪೂರ್ವವೃತ್ತದಲ್ಲಿಯೂ ಅಭಿಮಾನವುಳ್ಳ ನಮಗೂ ಈ ಪ್ರಶ್ನೆಯು ದೂರದ್ದೇನೂ ಅಲ್ಲ.

೨

ಮೊದಲು ಸೋಲಿನ ಚರಿತ್ರೆಯನ್ನು ನೋಡಬೇಕು. ಹೊರಾಪೊಲ್ಲೋ ಎಂಬವನ ಹೆಸರಿನಲ್ಲಿದ್ದ ಗ್ರೀಕ್ ಗ್ರಂಥವೊಂದು ೧೪೧೯ರಲ್ಲಿ ಆಂಡ್ರೋಸ್ ದ್ವೀಪದಲ್ಲಿ ದೊರೆತು ಇಟಲಿಯ ಫ್ಲಾರೆನ್ಸ್ ನಗರಕ್ಕೆ ಬಂದಿತು. ಈಜಿಪ್ಟಿನ ಪ್ರತಿಯೊಂದು ಚಿತ್ರವೂ ಒಂದು ಗೂಢಾರ್ಥದ ಸಂಕೇತವೆಂದು ಅದರ ಅಭಿಪ್ರಾಯ. ಅದರಲ್ಲಿ ಕೆಲವು ಚಿಹ್ನೆಗಳ ಅರ್ಥವು ಸರಿಯಾಗಿಯೇ ಇದ್ದಿತು; ಆದರೆ ಕೊಟ್ಟ ಕಾರಣಗಳೆಲ್ಲ ಕಲ್ಪನೆಯಾಗಿದ್ದುವು. ಅರ್ಧಸತ್ಯವು ಪೂರ್ಣ ಅಸತ್ಯಕ್ಕಿಂತ ಹೆಚ್ಚು ದಾರಿ ತಪ್ಪಿಸುವುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವು ದೊರೆಯದು. ಯೂರೋಪಿನ ಪಂಡಿತರು ಈ ಗ್ರಂಥವನ್ನು ನೆಚ್ಚಿಕೊಂಡು ಚಿತ್ರಾಕ್ಷರಗಳು ಶಬ್ದಗಳನ್ನಲ್ಲ, ತತ್ತ್ವಗಳನ್ನೇ ನೇರವಾಗಿ ಸೂಚಿಸುವುವೆಂದು ನಂಬಿದರು.

ಆ ನಂಬಿಕೆಯ ಪರಾಕಾಷ್ಠೆಯನ್ನು ಹದಿನೇಳನೆಯ ಶತಮಾನದ ಜೆಸ್ಯುಯಿಟ್ ಪಾದ್ರಿ ಅಥನಾಸಿಯಸ್ ಕಿರ್ಖರನಲ್ಲಿ ಕಾಣಬಹುದು. ಈತನು ಸಾಮಾನ್ಯ ವಿದ್ವಾಂಸನಲ್ಲ. ಈಜಿಪ್ಟಿನ ಕ್ರೈಸ್ತರು ದೇವಪೂಜೆಯಲ್ಲಿ ಬಳಸುವ ಕಾಪ್ಟಿಕ್ ಭಾಷೆಯು ಪ್ರಾಚೀನ ಈಜಿಪ್ಟಿನ ಭಾಷೆಯ ಸಂತಾನವೆಂಬುದನ್ನು ಗುರುತಿಸಿ, ಆ ಭಾಷೆಯ ವಿಷಯವಾಗಿ ೧೬೩೬ರಲ್ಲಿಯೇ ಗ್ರಂಥವನ್ನು ಪ್ರಕಟಿಸಿದವನು ಆತನೇ. ಮುಂದೆ ಎಲ್ಲ ಬಾಗಿಲುಗಳನ್ನೂ ತೆರೆದ ಬೀಗದಕೈಯು ಹೀಗೆ ಆತನ ಕೈಯಲ್ಲಿಯೇ ಇದ್ದಿತು. ಆದರೂ ಶಿಲಾಸ್ತಂಭಗಳ ಬರಹವನ್ನು ಓದುವುದಕ್ಕೆ ಆತನು ಅದನ್ನು ಉಪಯೋಗಿಸಲಿಲ್ಲ. ತನ್ನ ತತ್ತ್ವಜ್ಞಾನವನ್ನು ಉಪಯೋಗಿಸಿದನು. ರೋಮಿನ ಸ್ತಂಭವೊಂದರ ಮೇಲೆ ಬರಿಯ ರಾಜನಾಮವಾಗಿದ್ದ ಕೆಲವೇ ಅಕ್ಷರಗಳಿಂದ ಆತನು ಓಸಿರಿಸ್ ದೇವನ ಅನುಗ್ರಹ, ನೈಲ್ ನದಿಯ ಸಮೃದ್ಧಿ, ಯಕ್ಷಗಣಗಳ ಆರಾಧನೆ ಇವೆಲ್ಲವನ್ನೂ ಒಳಗೊಂಡ ಒಂದು ದೀರ್ಘವಾದ ವಾಕ್ಯವನ್ನು ಹೊರಡಿಸಿದನು. ಆ ರಾಜನ ಹೆಸರು ಅಪ್ರಿಯೆಸ್ ಎಂಬುದಿಷ್ಟೇ ಅಲ್ಲಿದ್ದ ವಿಷಯ.

ಕಿರ್ಖರನ ದೋಷವು ಅಜ್ಞಾನವಲ್ಲ. ಆತನ ಓದು ತಪ್ಪಾಗಿದ್ದಲ್ಲಿ ಆ ತಪ್ಪು ಹೊರಬೀಳುವುದಕ್ಕೆ ಆತನ ವಿಧಾನದಲ್ಲಿ ಅವಕಾಶವೇ ಇರಲಿಲ್ಲ. ಒಂದು ಚಿಹ್ನೆಗೆ ಇಲ್ಲಿ ಒಂದರ್ಥ, ಅಲ್ಲಿ ಇನ್ನೊಂದರ್ಥ. ಎರಡಕ್ಕೂ ಪ್ರಮಾಣವು ಓದುವವನ ಪಾಂಡಿತ್ಯವೇ. ಯಾವ ಆಕ್ಷೇಪಕ್ಕೂ ಸಿಕ್ಕದ ಅರ್ಥವು ಯಾವ ನಂಬಿಕೆಗೂ ಅರ್ಹವಾಗದು.

೩

೧೭೯೮ರಲ್ಲಿ ನೆಪೋಲಿಯನ್ ಬೋನಪಾರ್ಟನು ಈಜಿಪ್ಟಿನ ಮೇಲೆ ದಂಡೆತ್ತಿ ಹೋದಾಗ ಸೈನಿಕರ ಸಂಗಡ ನೂರಕ್ಕಿಂತ ಹೆಚ್ಚು ಮಂದಿ ವಿದ್ವಾಂಸರನ್ನೂ ಶಿಲ್ಪಜ್ಞರನ್ನೂ ಚಿತ್ರಕಾರರನ್ನೂ ಕರೆದುಕೊಂಡು ಹೋದನು. ದಂಡಯಾತ್ರೆಯು ವಿಫಲವಾಯಿತು, ಆದರೆ ಆ ವಿದ್ವಾಂಸರು ಅಳೆದು ಬರೆದು ತಂದುದೆಲ್ಲವೂ ೧೮೦೯ರಿಂದ ಮೊದಲುಗೊಂಡು ಮಹಾಸಂಪುಟಗಳಾಗಿ ಪ್ರಕಟವಾಯಿತು. ೧೭೯೯ನೆಯ ಜುಲೈ ತಿಂಗಳಲ್ಲಿ ನೈಲ್ ನದಿಯು ಸಮುದ್ರವನ್ನು ಸೇರುವೆಡೆಯಲ್ಲಿರುವ ರಶೀದ್ ಎಂಬ ಊರಿನ ಬಳಿ ಕೋಟೆಯನ್ನು ಜೀರ್ಣೋದ್ಧಾರ ಮಾಡುತ್ತಿದ್ದಾಗ ಪಿಯೆರ್ ಬೂಷಾರ್ ಎಂಬ ಸೇನಾಧಿಕಾರಿಗೆ ಒಂದು ಒಡೆದ ಕಪ್ಪುಶಿಲೆಯು ದೊರೆಯಿತು. ಯೂರೋಪಿನವರು ಆ ಊರನ್ನು ರೋಸೆಟ್ಟಾ ಎಂದು ಕರೆಯುತ್ತಿದ್ದುದರಿಂದ ಅದಕ್ಕೆ ರೋಸೆಟ್ಟಾ ಶಿಲೆಯೆಂದೇ ಹೆಸರಾಯಿತು. ೧೮೦೧ರಲ್ಲಿ ಫ್ರೆಂಚರು ಶರಣಾಗತರಾದಾಗ ಒಡಂಬಡಿಕೆಯ ಪ್ರಕಾರ ಅದು ಆಂಗ್ಲೇಯರ ವಶವಾಗಿ, ೧೮೦೨ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಜಿಯಮ್ಮನ್ನು ಸೇರಿತು.

ಶಿಲೆಯ ಎತ್ತರವು ಸುಮಾರು ೧೧೨ ಸೆಂಟಿಮೀಟರು, ಅಗಲವು ಸುಮಾರು ೭೬ ಸೆಂಟಿಮೀಟರು, ತೂಕವು ಸುಮಾರು ೭೬೦ ಕಿಲೋಗ್ರಾಮು. ಮೇಲುಗಡೆ ಚಿತ್ರಲಿಪಿಯ ೧೪ ಪಂಕ್ತಿಗಳು, ನಡುವೆ ಡೆಮೋಟಿಕ್ ಲಿಪಿಯ ೩೨ ಪಂಕ್ತಿಗಳು, ಕೆಳಗೆ ಗ್ರೀಕ್ ಭಾಷೆಯ ೫೪ ಪಂಕ್ತಿಗಳು ಅದರಲ್ಲಿವೆ. ವಿಷಯವು ನಮ್ಮ ಶಾಸನಗಳನ್ನು ಓದಿದವರಿಗೆ ಅಪರಿಚಿತವೆನಿಸದು. ಕ್ರಿ. ಪೂ. ೧೯೬ರಲ್ಲಿ ಮೆಂಫಿಸ್ ನಗರದಲ್ಲಿ ಸಭೆಸೇರಿದ ಅರ್ಚಕರು ಐದನೆಯ ಟಾಲಮಿ ರಾಜನು ತೆರಿಗೆಗಳನ್ನು ಇಳಿಸಿದುದನ್ನೂ ದೇವಾಲಯಗಳಿಗೆ ದತ್ತಿಗಳನ್ನು ಬಿಟ್ಟುದನ್ನೂ ಹೊಗಳಿ, ಆತನಿಗೆ ಸಲ್ಲಬೇಕಾದ ಗೌರವಗಳನ್ನು ವಿಧಿಸಿ, ಈ ನಿರ್ಣಯವನ್ನು ದೇವಲಿಪಿಯಲ್ಲಿಯೂ ದೇಶಲಿಪಿಯಲ್ಲಿಯೂ ಗ್ರೀಕ್ ಲಿಪಿಯಲ್ಲಿಯೂ ಕಲ್ಲಿನ ಮೇಲೆ ಬರೆಯಿಸತಕ್ಕದ್ದೆಂದು ಹೇಳಿರುವರು. ಮೂರೂ ಬರಹಗಳ ವಿಷಯವು ಒಂದೇ ಎಂಬುದಕ್ಕೆ ಹೀಗೆ ಶಾಸನವೇ ಸಾಕ್ಷಿಯಾಯಿತು.

ಗ್ರೀಕ್ ಭಾಗವನ್ನು ಓದುವುದು ಕಷ್ಟವಾಗಿರಲಿಲ್ಲ. ಇಷ್ಟಾದಮೇಲೆ ಉಳಿದೆರಡನ್ನು ಓದುವುದು ಕೆಲವು ವಾರಗಳ ಕೆಲಸವೆಂದು ಅನೇಕರು ಭಾವಿಸಿದರು. ಆದರೆ ಇಪ್ಪತ್ತಕ್ಕೂ ಹೆಚ್ಚು ವರ್ಷಗಳು ಹಿಡಿದುವು. ೧೮೦೨ರಲ್ಲಿ ಸ್ವೀಡನ್ನಿನ ಓಕರ್‌ಬ್ಲಾಡನು ಡೆಮೋಟಿಕ್ ಭಾಗದಲ್ಲಿ ಹಲವು ಅಂಕಿತನಾಮಗಳನ್ನು ಗುರುತಿಸಿದನು. ಬಳಿಕ ಆಂಗ್ಲೇಯ ವೈದ್ಯನೂ ಭೌತವಿಜ್ಞಾನಿಯೂ ಆದ ಥಾಮಸ್ ಯಂಗನು ೧೮೧೪ರಿಂದ ಈ ಕೆಲಸಕ್ಕೆ ಕೈಹಾಕಿದನು. ಚಿತ್ರಲಿಪಿಯಲ್ಲಿ ಕೆಲವು ಪದಗಳ ಸುತ್ತ ಅಂಡಾಕಾರದ ರೇಖೆಯೊಂದು ಬರೆದಿರುತ್ತದೆ. ಅದರೊಳಗೆ ರಾಜರ ಅಥವಾ ದೇವತೆಗಳ ಹೆಸರುಗಳಿರಬೇಕೆಂದು ಬಾರ್ತೆಲೆಮಿ ಎಂಬ ಫ್ರೆಂಚ್ ಪಂಡಿತನು ಹಿಂದೆಯೇ ಊಹಿಸಿದ್ದನು. ಯಂಗನು ಆ ರೇಖೆಯೊಳಗಿನ ಟಾಲಮಿಯ ಹೆಸರನ್ನು ಬಿಡಿಸಲು ಯತ್ನಿಸಿ ಕೆಲವು ಅಕ್ಷರಗಳಿಗೆ ಸರಿಯಾದ ಧ್ವನಿಗಳನ್ನು ಕೊಟ್ಟನು. ಡೆಮೋಟಿಕ್ ಬರಹವು ಚಿತ್ರಲಿಪಿಯಿಂದಲೇ ಇಳಿದು ಬಂದುದೆಂಬುದನ್ನೂ ಕಂಡನು. ಇವು ಸಣ್ಣ ಸಂಗತಿಗಳಲ್ಲ. ಆದರೆ ಅನ್ಯದೇಶೀಯರ ಹೆಸರುಗಳನ್ನು ಬರೆಯುವಾಗ ಮಾತ್ರ ಈಜಿಪ್ಟಿನವರು ಅಕ್ಷರಗಳನ್ನು ಧ್ವನಿಗಾಗಿ ಬಳಸುತ್ತಿದ್ದರು, ಉಳಿದೆಡೆಯಲ್ಲೆಲ್ಲ ಚಿತ್ರವು ಭಾವಸಂಕೇತವೇ ಎಂದು ಆತನು ತಿಳಿದನು. ಹಳೆಯ ನಂಬಿಕೆಯ ಹೊಸ್ತಿಲಿನವರೆಗೆ ಬಂದು ಆತನು ಅಲ್ಲಿಯೇ ನಿಂತನು.

೪

ಹೊಸ್ತಿಲನ್ನು ದಾಟಿದವನು ಝಾನ್ ಫ್ರಾಂಸ್ವಾ ಶಾಂಪೋಲಿಯಾನ್. ಈತನು ೧೭೯೦ನೆಯ ಡಿಸೆಂಬರ್ ೨೩ರಂದು ಫ್ರಾನ್ಸಿನ ಫಿಝಾಕ್ ಎಂಬ ಊರಿನಲ್ಲಿ ಜನಿಸಿದನು. ಅಣ್ಣನಾದ ಝಾಕ್ ಝೋಸೆಫನೇ ಆತನನ್ನು ಸಾಕಿ ಓದಿಸಿದನು. ಬಾಲ್ಯದಿಂದಲೇ ಲ್ಯಾಟಿನ್, ಗ್ರೀಕ್, ಹೀಬ್ರೂ, ಅರಬ್ಬಿ ಮೊದಲಾದ ಭಾಷೆಗಳನ್ನು ಕಲಿತು, ಎಲ್ಲಕ್ಕಿಂತ ಹೆಚ್ಚಾಗಿ ಕಾಪ್ಟಿಕ್ ಭಾಷೆಯಲ್ಲಿ ತಾಯಿನುಡಿಯಷ್ಟು ಸಲಿಗೆಯನ್ನು ಸಂಪಾದಿಸಿದನು. ಕಿರ್ಖರನು ಕೈಯಲ್ಲಿ ಹಿಡಿದೂ ಬಳಸದೆ ಬಿಟ್ಟ ಬೀಗದಕೈಯನ್ನು ಈತನು ಬಳಸಿದನು.

ಶಾಂಪೋಲಿಯಾನನೂ ಮೊದಮೊದಲು ಭಾವಸಂಕೇತವಾದವನ್ನೇ ನಂಬಿದ್ದನು. ೧೮೨೧ರ ಕೊನೆಯಲ್ಲಿ ಆತನು ಒಂದು ಸರಳವಾದ ಎಣಿಕೆಯನ್ನು ಮಾಡಿದನು. ರೋಸೆಟ್ಟಾ ಶಿಲೆಯಲ್ಲಿ ಉಳಿದಿರುವ ಚಿತ್ರಾಕ್ಷರಗಳ ಸಂಖ್ಯೆ ೧೪೧೯; ಅವುಗಳಿಗೆ ಸಮನಾದ ಗ್ರೀಕ್ ಭಾಗದ ಪದಗಳು ೪೮೬. ಒಂದು ಚಿತ್ರಕ್ಕೆ ಒಂದು ಭಾವವೆಂಬುದಾದರೆ ೪೮೬ ಪದಗಳ ವಿಷಯಕ್ಕೆ ೧೪೧೯ ಚಿತ್ರಗಳು ಏಕೆ ಬೇಕು? ಅದಲ್ಲದೆ ಆ ೧೪೧೯ರಲ್ಲಿ ಒಂದಕ್ಕೊಂದು ಭಿನ್ನವಾದ ಆಕಾರಗಳು ಕೇವಲ ೧೬೬. ಇಷ್ಟು ಕಡಮೆ ಆಕಾರಗಳು ಇಷ್ಟು ಸಲ ಪುನರಾವೃತ್ತಿಯಾಗುವುವೆಂದರೆ ಅವುಗಳಲ್ಲಿ ಹಲವು ಧ್ವನಿಗಳನ್ನು ಸೂಚಿಸಲೇಬೇಕು. ಶತಮಾನಗಳ ತತ್ತ್ವವಿಚಾರವು ಅಲ್ಲಾಡಿಸದಿದ್ದ ನಂಬಿಕೆಯನ್ನು ಒಂದು ಲೆಕ್ಕವು ಅಲ್ಲಾಡಿಸಿತು.

ಇನ್ನು ಬೇಕಾಗಿದ್ದುದು ಇನ್ನೊಂದು ಹೆಸರು. ಫಿಲೇ ದ್ವೀಪದಿಂದ ಬ್ಯಾಂಕ್ಸ್ ಎಂಬ ಆಂಗ್ಲೇಯನು ಸಾಗಿಸಿದ್ದ ಶಿಲಾಸ್ತಂಭದ ಪೀಠದಲ್ಲಿ ಟಾಲಮಿ, ಕ್ಲಿಯೋಪಾತ್ರ ಎಂಬ ಹೆಸರುಗಳು ಗ್ರೀಕ್ ಭಾಷೆಯಲ್ಲಿದ್ದುವು. ಸ್ತಂಭದ ಮೇಲೆ ಅಂಡಾಕಾರದ ರೇಖೆಯೊಳಗೆ ಎರಡು ಹೆಸರುಗಳು ಚಿತ್ರಲಿಪಿಯಲ್ಲಿದ್ದುವು. ಅದರ ಪ್ರತಿಯು ೧೮೨೨ರ ಆರಂಭದಲ್ಲಿ ಶಾಂಪೋಲಿಯಾನನ ಕೈಸೇರಿತು. ಇಲ್ಲಿ ಆತನು ನಡೆದ ದಾರಿಯನ್ನು ವಾಚಕರು ಹೆಜ್ಜೆಹೆಜ್ಜೆಯಾಗಿ ಗಮನಿಸಬೇಕು. ಗ್ರೀಕರ ಉಚ್ಚಾರಣೆಯಲ್ಲಿ ಮೊದಲನೆಯ ಹೆಸರು 'ಪ್ಟೊಲೆಮಾಯೊಸ್', ಎರಡನೆಯದು 'ಕ್ಲೆಯೊಪಾತ್ರ'. ಪ, ಒ, ಲ ಎಂಬ ಧ್ವನಿಗಳು ಎರಡರಲ್ಲಿಯೂ ಇವೆ. ಟಾಲಮಿಯ ಹೆಸರಿನಲ್ಲಿ ಮೊದಲನೆಯದಾದ ಚೌಕವು 'ಪ'ಕಾರವಾದರೆ ಅದೇ ಚೌಕವು ಕ್ಲಿಯೋಪಾತ್ರಳ ಹೆಸರಿನಲ್ಲಿ ಐದನೆಯ ಸ್ಥಾನದಲ್ಲಿರಬೇಕು, ಇದ್ದಿತು. ಅಲ್ಲಿ ಮೂರನೆಯದಾದ ಪಾಶವು 'ಒ'ಕಾರವಾದರೆ ಇಲ್ಲಿ ಅದು ನಾಲ್ಕನೆಯದಾಗಿರಬೇಕು, ಇದ್ದಿತು. ಅಲ್ಲಿ ನಾಲ್ಕನೆಯದಾದ ಮಲಗಿದ ಸಿಂಹವು 'ಲ'ಕಾರವಾದರೆ ಇಲ್ಲಿ ಅದು ಎರಡನೆಯದಾಗಿರಬೇಕು, ಅದೂ ಇದ್ದಿತು. ಕ್ಲಿಯೋಪಾತ್ರಳ ಹೆಸರಿನಲ್ಲಿ ಅಕಾರವು ಎರಡು ಸಲ ಬರಬೇಕು. ಆರನೆಯ ಮತ್ತು ಒಂಬತ್ತನೆಯ ಸ್ಥಾನಗಳಲ್ಲಿ ಒಂದೇ ಹದ್ದಿನ ಚಿತ್ರವಿದ್ದಿತು. 'ತ'ಕಾರ ಒಂದು ಮಾತ್ರ ಹೊಂದಲಿಲ್ಲ. ಒಂದರಲ್ಲಿ ಅರ್ಧವೃತ್ತವೂ ಇನ್ನೊಂದರಲ್ಲಿ ಕೈಯೂ ಇದ್ದುವು. ಒಂದೇ ಧ್ವನಿಗೆ ಎರಡು ಚಿಹ್ನೆಗಳಿರಬಹುದೆಂದು ಆತನು ಊಹಿಸಿದನು. ಆದರೆ ಊಹೆಯನ್ನು ಅಲ್ಲಿಗೇ ಬಿಡಲಿಲ್ಲ. ಅಲೆಕ್ಸಾಂಡರನ ಮತ್ತು ರೋಮನ್ ಚಕ್ರವರ್ತಿಗಳ ಹೆಸರುಗಳನ್ನು ಒಂದೊಂದಾಗಿ ತೆಗೆದುಕೊಂಡು ಪರೀಕ್ಷಿಸಿದನು. ಹಳೆಯ ಬೆಲೆಗಳನ್ನು ಬದಲಾಯಿಸಬೇಕಾಗದೆಯೇ ಆ ಹೆಸರುಗಳೂ ಓದಿಸಿಕೊಂಡುವು.

ಆದರೆ ಇವೆಲ್ಲವೂ ಪರದೇಶೀಯರ ಹೆಸರುಗಳು. ಗ್ರೀಕರು ಬರುವುದಕ್ಕೆ ಸಹಸ್ರ ವರ್ಷಗಳ ಹಿಂದಿನ ದೇಶೀಯ ರಾಜರ ವಿಷಯವೇನು? ೧೮೨೨ನೆಯ ಸೆಪ್ಟೆಂಬರ್ ೧೪ರಂದು ವಾಸ್ತುಶಿಲ್ಪಿಯಾದ ಹ್ಯುಯೋ ಎಂಬವನು ಈಜಿಪ್ಟಿನಿಂದ ತಂದ ಪ್ರತಿಚಿತ್ರಗಳಲ್ಲಿ ಅಬು ಸಿಂಬೆಲಿನ ದೇವಾಲಯದ ಒಂದು ರಾಜನಾಮವು ಆತನ ಕಣ್ಣಿಗೆ ಬಿದ್ದಿತು. ಮೊದಲು ಸೂರ್ಯಮಂಡಲ, ನಡುವೆ ಒಂದು ಚಿಹ್ನೆ, ಕಡೆಯಲ್ಲಿ ಎರಡು ಸಕಾರಗಳು. ಕಾಪ್ಟಿಕ್ ಭಾಷೆಯಲ್ಲಿ ಸೂರ್ಯನಿಗೆ 'ರೇ' ಎಂದು ಹೆಸರು. ನಡುವಣ ಚಿಹ್ನೆಯು ರೋಸೆಟ್ಟಾ ಶಿಲೆಯಲ್ಲಿ ಗ್ರೀಕಿನ ಜನ್ಮದಿನವೆಂಬ ಪದಕ್ಕೆ ಸರಿಯಾದ ಸ್ಥಳದಲ್ಲಿ ಬಂದಿದೆ. ಕಾಪ್ಟಿಕ್ ಭಾಷೆಯಲ್ಲಿ ಹೆರುವುದಕ್ಕೆ 'ಮಿಸೆ' ಎನ್ನುವರು. ರೇ-ಮ್ಸ್-ಸ್‌-ಸ್: ಪುರಾಣಪ್ರಸಿದ್ಧನಾದ ರಾಮ್ಸೆಸ್! ಇನ್ನೊಂದು ಹಾಳೆಯಲ್ಲಿ ಥೋತ್ ದೇವನ ಸಂಕೇತವೆನಿಸಿದ ಐಬಿಸ್ ಪಕ್ಷಿಯೂ ಅದೇ ಜನ್ಮಸೂಚಕ ಚಿಹ್ನೆಯೂ ಇದ್ದುವು. ಅದು ಥುತ್‌ಮೋಸ್ ರಾಜನ ಹೆಸರಾಯಿತು. ದೇಶೀಯರ ಹೆಸರುಗಳಲ್ಲಿಯೂ ಧ್ವನಿಯಿದೆ, ಆ ಧ್ವನಿಯು ಕಾಪ್ಟಿಕ್ ಭಾಷೆಯ ಮಾತೃಭಾಷೆಯದೇ ಎಂಬುದು ಒಂದೇ ಸಲಕ್ಕೆ ಸ್ಪಷ್ಟವಾಯಿತು. ಅದೇ ತಿಂಗಳ ೨೭ರಂದು ಪ್ಯಾರಿಸ್ಸಿನ ಶಾಸನ ಪರಿಷತ್ತಿನಲ್ಲಿ, ಅದರ ಕಾರ್ಯದರ್ಶಿಯಾದ ದಾಸಿಯೆಯವರಿಗೆ ಬರೆದ ಪತ್ರದ ರೂಪದಲ್ಲಿ ಆತನ ಸಂಶೋಧನೆಯು ಓದಲ್ಪಟ್ಟಿತು. ೧೮೨೪ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಲಿಪಿಯ ಸಮಗ್ರ ವ್ಯವಸ್ಥೆಯು ವಿವರಿಸಲ್ಪಟ್ಟಿತು.

ಆ ವ್ಯವಸ್ಥೆಯನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಮನೆಯ ನಕ್ಷೆಯಂತಿರುವ ಒಂದು ಚಿತ್ರವಿದೆ. ಅದು ಒಂಟಿಯಾಗಿ ನಿಂತಾಗ ಮನೆ ಎಂದೇ ಅರ್ಥ. ಮನೆಗೆ ಆ ಭಾಷೆಯಲ್ಲಿ ಪಕಾರ ರೇಫಗಳುಳ್ಳ ಪದವಿದೆ. ಅದೇ ಚಿತ್ರದ ಮುಂದೆ ರೇಫಸೂಚಕವಾದ ಬಾಯಿಯನ್ನೂ ಕೊನೆಯಲ್ಲಿ ನಡೆಯುವ ಎರಡು ಕಾಲುಗಳನ್ನೂ ಬರೆದರೆ ಹೊರಡು ಎಂಬ ಕ್ರಿಯಾಪದವಾಗುತ್ತದೆ. ಆ ಕ್ರಿಯಾಪದದಲ್ಲಿಯೂ ಅವೇ ವ್ಯಂಜನಗಳಿವೆ. ಇಲ್ಲಿ ಮನೆಯ ಚಿತ್ರಕ್ಕೆ ಮನೆಯ ಸಂಬಂಧವೇ ಇಲ್ಲ. ಅದು ಬರಿಯ ಧ್ವನಿ. ಕಾಲುಗಳಿಗೆ ಧ್ವನಿಯೇ ಇಲ್ಲ. ಅವು ಅರ್ಥದ ಜಾತಿಯನ್ನು ಸೂಚಿಸುವುವು. ಹೀಗೆ ಒಂದೇ ಪದದಲ್ಲಿ ಧ್ವನಿಯೂ ಅರ್ಥವೂ ಕೈಹಿಡಿದು ನಡೆಯುವುವು. ನಮ್ಮ ಲಿಪಿಗಳಲ್ಲಿರುವಂತೆ ಸ್ವರಗಳನ್ನು ಬರೆಯುವ ಕ್ರಮವು ಅಲ್ಲಿಲ್ಲ. ವ್ಯಂಜನಗಳನ್ನು ಮಾತ್ರ ಬರೆಯುವರು. ಆದುದರಿಂದ ಈಗ ನಾವು ಉಚ್ಚರಿಸುವ ಈಜಿಪ್ಟಿನ ಹೆಸರುಗಳ ಸ್ವರಗಳು ಬಹುಮಟ್ಟಿಗೆ ವಿದ್ವಾಂಸರ ಒಪ್ಪಂದದಿಂದ ಬಂದುವು.

೫

ಶಾಂಪೋಲಿಯಾನನು ೧೮೨೮-೨೯ರಲ್ಲಿ ಈಜಿಪ್ಟಿನಲ್ಲಿ ಸಂಚರಿಸಿ, ೧೮೩೧ರಲ್ಲಿ ಪ್ಯಾರಿಸ್ಸಿನ ಮಹಾವಿದ್ಯಾಲಯದಲ್ಲಿ ಈ ಶಾಸ್ತ್ರದ ಪ್ರಥಮ ಆಚಾರ್ಯನಾಗಿ, ಮರುವರ್ಷ ಮಾರ್ಚ್ ೪ರಂದು ತನ್ನ ನಾಲ್ವತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡನು. ಆತನ ವ್ಯಾಕರಣವನ್ನೂ ನಿಘಂಟನ್ನೂ ಅಣ್ಣನು ಪ್ರಕಟಪಡಿಸಿದನು. ಆದರೆ ವಿರೋಧಿಗಳು ಸುಮ್ಮನಿರಲಿಲ್ಲ. ಹಲವು ವರ್ಷಗಳವರೆಗೆ ಆತನ ಮತವು ಸಂಶಯಗ್ರಸ್ತವಾಗಿಯೇ ಇದ್ದಿತು. ೧೮೩೭ರಲ್ಲಿ ಜರ್ಮನಿಯ ಲೆಪ್ಸಿಯಸ್ಸನು ಅದನ್ನು ಪರಿಶೀಲಿಸಿ, ಕೆಲವು ಚಿಹ್ನೆಗಳು ಒಂದೇ ವ್ಯಂಜನವನ್ನಲ್ಲ, ಎರಡು ಮೂರು ವ್ಯಂಜನಗಳನ್ನು ಒಟ್ಟಿಗೆ ಸೂಚಿಸುವುವೆಂದು ತಿದ್ದಿ, ಮೂಲಸಿದ್ಧಾಂತವನ್ನು ಸಮರ್ಥಿಸಿದನು.

ನಿಜವಾದ ಪರೀಕ್ಷೆಯು ೧೮೬೬ರಲ್ಲಿ ಒದಗಿತು. ತಾನಿಸ್ ಎಂಬ ಸ್ಥಳದಲ್ಲಿ, ಕ್ರಿ. ಪೂ. ೨೩೮ರಲ್ಲಿ ಮೂರನೆಯ ಟಾಲಮಿಯ ಕಾಲದಲ್ಲಿ ಹೊರಟ ಇನ್ನೊಂದು ನಿರ್ಣಯದ ಶಾಸನವು ದೊರೆಯಿತು. ಅದೂ ರೋಸೆಟ್ಟಾ ಶಿಲೆಯಂತೆಯೇ ಮೂರು ಬಗೆಯ ಬರಹವುಳ್ಳದ್ದು. ಆದರೆ ಅದು ಮುರಿದಿರಲಿಲ್ಲ. ಶಾಂಪೋಲಿಯಾನನು ಅದನ್ನು ಕಂಡಿರಲಿಲ್ಲ. ಆದುದರಿಂದ ಆತನ ನಿಯಮಗಳು ಅದಕ್ಕೆ ಹೊಂದುವಂತೆ ರಚಿತವಾದುವೆಂದು ಯಾರೂ ಹೇಳುವಂತಿರಲಿಲ್ಲ. ಆ ನಿಯಮಗಳಂತೆ ಚಿತ್ರಲಿಪಿಯ ಭಾಗವನ್ನು ಓದಿದಾಗ ಬಂದ ಅರ್ಥವು ಕೆಳಗಿನ ಗ್ರೀಕ್ ಭಾಗಕ್ಕೆ ಸರಿಹೋಯಿತು. ಅಂದಿಗೆ ವಾದವು ಮುಗಿಯಿತು. ಕಿರ್ಖರನ ಓದಿಗೆ ಇಂಥ ಪರೀಕ್ಷೆಯು ಸಾಧ್ಯವೇ ಇರಲಿಲ್ಲ. ಶಾಂಪೋಲಿಯಾನನ ಓದು ಪರೀಕ್ಷೆಗೆ ಸಿಕ್ಕಿ ಗೆದ್ದಿತು.

ಇನ್ನೂ ದೂರದ ಸಾಕ್ಷಿಯೊಂದು ಬಳಿಕ ದೊರೆಯಿತು. ಎರಡನೆಯ ರಾಮ್ಸೆಸ್ ರಾಜನು ಹಿಟ್ಟೈಟರ ರಾಜನೊಡನೆ ಮಾಡಿಕೊಂಡ ಸಂಧಿಯು ಕಾರ್ನಾಕಿನ ದೇವಾಲಯದ ಗೋಡೆಯ ಮೇಲೆ ಚಿತ್ರಲಿಪಿಯಲ್ಲಿದೆ. ಏಷ್ಯಾಮೈನರಿನ ಬೊಗಾಜ್‌ಕೊಯಿಯಲ್ಲಿ ೧೯೦೬ರಲ್ಲಿ ವಿಂಕ್ಲರನು ಅಗೆಯಿಸುತ್ತಿದ್ದಾಗ ಅದೇ ಸಂಧಿಯ ಪ್ರತಿಯು ಬೇರೊಂದು ಲಿಪಿಯಲ್ಲಿ, ಬೇರೊಂದು ಭಾಷೆಯಲ್ಲಿ, ಜೇಡಿಮಣ್ಣಿನ ಹಲಗೆಗಳ ಮೇಲೆ ಸಿಕ್ಕಿತು. ಬೆಣೆಯಾಕಾರದ ಆ ಲಿಪಿಯನ್ನು ಬೇರೆಯೇ ವಿದ್ವಾಂಸರು ಬೇರೆಯೇ ದಾರಿಯಿಂದ ಬಿಡಿಸಿದ್ದರು. ಎರಡು ಮೃತಲಿಪಿಗಳು ಒಂದೇ ಒಪ್ಪಂದವನ್ನು ನುಡಿದುವು.

ಹೀಗೆ ಓದು ಸಿದ್ಧವಾದಮೇಲೆ ಗೋರಿಗಳ ನಾಡೆಂದು ಜನರು ತಿಳಿದಿದ್ದ ದೇಶವು ಬದುಕಿದವರ ನಾಡಾಗಿ ತೋರಿತು. ಅಹ್ಮೋಸ್ ಎಂಬ ಲಿಪಿಕಾರನು ಕ್ರಿ. ಪೂ. ೧೫೫೦ರ ಸುಮಾರಿನಲ್ಲಿ ಹಿಂದಿನ ಪ್ರತಿಯಿಂದ ನಕಲುಮಾಡಿದ ಗಣಿತಗ್ರಂಥದಲ್ಲಿ ರೊಟ್ಟಿಗಳನ್ನು ಆಳುಗಳಿಗೆ ಹಂಚುವ ಲೆಕ್ಕಗಳಿವೆ. ಎಡ್ವಿನ್ ಸ್ಮಿತ್ ಎಂಬವನು ೧೮೬೨ರಲ್ಲಿ ಕೊಂಡ ವೈದ್ಯಗ್ರಂಥದಲ್ಲಿ ೪೮ ಬಗೆಯ ಗಾಯ ಮೊದಲಾದುವುಗಳ ಪರೀಕ್ಷೆಯಿದೆ. ಇದನ್ನು ಗುಣಪಡಿಸುವೆನು, ಇದರೊಡನೆ ಹೋರಾಡುವೆನು, ಇದಕ್ಕೆ ಚಿಕಿತ್ಸೆಯಿಲ್ಲ ಎಂದು ವೈದ್ಯನು ಮೂರು ಬಗೆಯಾಗಿ ತೀರ್ಪುಕೊಡುತ್ತಾನೆ. ಮೂರನೆಯ ರಾಮ್ಸೆಸ್ಸನ ಆಳ್ವಿಕೆಯ ೨೯ನೆಯ ವರ್ಷದಲ್ಲಿ ರಾಜಗೋರಿಗಳನ್ನು ಕಟ್ಟುತ್ತಿದ್ದ ಕೆಲಸಗಾರರು ಧಾನ್ಯದ ಕೂಲಿಯು ಬಾರದುದರಿಂದ ಹಸಿದಿದ್ದೇವೆಂದು ಹೇಳಿ ಕೆಲಸವನ್ನು ನಿಲ್ಲಿಸಿ ದೇವಾಲಯದ ಹಿಂಭಾಗದಲ್ಲಿ ಕುಳಿತುದು, ಈಗ ಟ್ಯೂರಿನ್ ನಗರದಲ್ಲಿರುವ ಒಂದು ಪೆಪೈರಸ್ ಸುರುಳಿಯಿಂದ ತಿಳಿಯಬರುತ್ತದೆ.

ಆದರೆ ಓದುವುದು ಬೇರೆ, ನಂಬುವುದು ಬೇರೆ. ಕಾದೇಶಿನ ಯುದ್ಧದಲ್ಲಿ ತಾನೊಬ್ಬನೇ ನಿಂತು ಶತ್ರುಸೈನ್ಯವನ್ನು ಧೂಳೀಪಟ ಮಾಡಿದೆನೆಂದು ಎರಡನೆಯ ರಾಮ್ಸೆಸ್ಸನು ಅನೇಕ ದೇವಾಲಯಗಳ ಮೇಲೆ ಬರೆಯಿಸಿದನು. ಯುದ್ಧದ ತರುವಾಯ ಕಾದೇಶ್ ಹಿಟ್ಟೈಟರ ಕೈಯಲ್ಲಿಯೇ ಉಳಿಯಿತು. ನಮ್ಮ ಅರಸರ ಪ್ರಶಸ್ತಿಗಳನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿರದು.

ಬರಹವಿಲ್ಲದೆಡೆಯಲ್ಲಿಯೂ ಅಳತೆಯೇ ಪ್ರಮಾಣವೆಂಬುದನ್ನು ಫ್ಲಿಂಡರ್ಸ್ ಪೀಟ್ರಿಯು ತೋರಿಸಿಕೊಟ್ಟನು. ಮಹಾಪಿರಮಿಡ್ಡಿನ ಅಳತೆಗಳಲ್ಲಿ ವರ್ಷದ ದಿನಗಳ ಸಂಖ್ಯೆಯೂ ದೈವಿಕವಾದ ಮಾನವೂ ಅಡಗಿವೆಯೆಂಬ ಪಿಯಾಟ್ಸಿ ಸ್ಮಿತ್ತನ ವಾದವನ್ನು ಪರೀಕ್ಷಿಸುವುದಕ್ಕೆಂದೇ ಆತನು ೧೮೮೦ರಲ್ಲಿ ಅಲ್ಲಿಗೆ ಹೋದನು. ಒಂದೊಂದಂಗುಲವನ್ನೂ ಅಳೆದಾಗ ತಳದ ಬದಿಯು ಆ ವಾದಕ್ಕೆ ಬೇಕಾದುದಕ್ಕಿಂತ ಹಲವು ಅಡಿಗಳಷ್ಟು ಕಿರಿದಾಗಿದ್ದಿತು. ಆತನ ತಂದೆಗೂ ಆ ವಾದವು ಪ್ರಿಯವಾಗಿದ್ದಿತು; ಆದರೂ ಪೀಟ್ರಿಯು ಅಳತೆಯನ್ನೇ ಪ್ರಕಟಿಸಿದನು.

೬

ಈ ಶಾಸ್ತ್ರದ ಚರಿತ್ರೆಯಲ್ಲಿ ಒಂದು ಅನ್ಯಾಯದ ಅಧ್ಯಾಯವೂ ಇದೆ. ತಮ್ಮ ಪೂರ್ವಿಕರ ಬರಹವನ್ನು ಓದಲು ಈಜಿಪ್ಟಿನವರಿಗೇ ಬಹುಕಾಲ ಎಡೆ ದೊರೆಯಲಿಲ್ಲ. ೧೮೫೮ರಲ್ಲಿ ಪ್ರಾಚ್ಯವಸ್ತು ಶಾಖೆಯು ಸ್ಥಾಪಿತವಾದಂದಿನಿಂದ ೧೯೫೨ರವರೆಗೆ ಅದರ ಮುಖ್ಯಾಧಿಕಾರಿಗಳೆಲ್ಲರೂ ಫ್ರೆಂಚರೇ. ಜರ್ಮನಿಯ ಬ್ರುಗ್ಷನು ೧೮೬೯ರಲ್ಲಿ ಕೈರೋ ನಗರದಲ್ಲಿ ದೇಶೀಯ ವಿದ್ಯಾರ್ಥಿಗಳಿಗಾಗಿ ಶಾಲೆಯೊಂದನ್ನು ತೆರೆದಾಗ, ಆಗಿನ ಮುಖ್ಯಾಧಿಕಾರಿಯಾದ ಮಾರಿಯೆಟ್ಟನು ದೇಶೀಯರು ವಸ್ತುಸಂಗ್ರಹಾಲಯದಲ್ಲಿ ಶಾಸನಗಳನ್ನು ನಕಲುಮಾಡಿಕೊಳ್ಳದಂತೆ ತಡೆದನೆಂದು ಬ್ರುಗ್ಷನೇ ಬರೆದಿರುವನು. ಆ ಶಾಲೆಯು ಕೆಲವೇ ವರ್ಷಗಳಲ್ಲಿ ಮುಚ್ಚಿಹೋಯಿತು. ಅಲ್ಲಿ ಕಲಿತ ಅಹಮದ್ ಕಮಾಲನು (೧೮೫೧-೧೯೨೩) ಎಲ್ಲ ಅಡಚಣೆಗಳನ್ನೂ ಸಹಿಸಿ, ಪ್ರಾಚೀನ ಈಜಿಪ್ಟಿನ ಭಾಷೆಯ ನಿಘಂಟನ್ನು ೨೨ ಸಂಪುಟಗಳಲ್ಲಿ ಕೈಯಾರೆ ಬರೆದನು. ಆತನು ತೀರಿಕೊಂಡಾಗ ಅದು ಅಚ್ಚಾಗಿರಲಿಲ್ಲ. ಪರೀಕ್ಷೆಗೆ ಸಿಕ್ಕುವ ಜ್ಞಾನವೇ ಜ್ಞಾನವೆಂದಾದರೆ, ಪರೀಕ್ಷಿಸುವ ಅಧಿಕಾರವು ಆ ಮಣ್ಣಿನ ಮಕ್ಕಳಿಗೇ ಇಲ್ಲದಿದ್ದುದು ಶಾಸ್ತ್ರಕ್ಕೂ ನಷ್ಟವೇ.

೭

ಕೊನೆಯದಾಗಿ ನಮ್ಮ ಮನೆಬಾಗಿಲಿನ ವಿಷಯವೊಂದನ್ನು ಹೇಳಬೇಕಾಗಿದೆ. ಕೈರೋ ನಗರದ ದಕ್ಷಿಣಕ್ಕೆ ನೈಲ್ ನದಿಯ ಪಶ್ಚಿಮದಲ್ಲಿ ಆಕ್ಸಿರಿಂಕಸ್ ಎಂಬ ಹಾಳೂರಿದೆ. ಅಲ್ಲಿಯ ಕಸದ ದಿಬ್ಬಗಳಿಂದ ಗ್ರೆನ್‌ಫೆಲ್, ಹಂಟ್ ಎಂಬ ಆಕ್ಸ್‌ಫರ್ಡಿನ ಪಂಡಿತರು ೧೮೯೬ರಿಂದ ಅಸಂಖ್ಯಾತವಾದ ಪೆಪೈರಸ್ ಚೂರುಗಳನ್ನು ಸಂಗ್ರಹಿಸಿದರು. ಅವುಗಳಲ್ಲಿ ೪೧೩ನೆಯದು, ೧೯೦೩ರಲ್ಲಿ ಪ್ರಕಟವಾದುದು, ಒಂದು ಗ್ರೀಕ್ ಪ್ರಹಸನ. ಪ್ರತಿಯು ಕ್ರಿಸ್ತಶಕ ಎರಡನೆಯ ಶತಮಾನದ್ದು. ಭಾರತದ ಕರಾವಳಿಯಲ್ಲಿ ಸೆರೆಸಿಕ್ಕಿದ ಖಾರಿತಿಯೋನ್ ಎಂಬ ಗ್ರೀಕ್ ಕನ್ಯೆಯನ್ನು, ಅಲ್ಲಿಯ ರಾಜನಿಗೂ ಪರಿವಾರಕ್ಕೂ ಮದ್ಯವನ್ನು ಕುಡಿಸಿ ಬಿಡಿಸಿಕೊಂಡು ಹೋಗುವುದು ಅದರ ವಸ್ತು. ಆ ರಾಜನೂ ಆತನ ಜನರೂ ಗ್ರೀಕಲ್ಲದ ಯಾವುದೋ ಭಾಷೆಯ ಮಾತುಗಳನ್ನಾಡುತ್ತಾರೆ. ಹುಲ್ಷ್ ಎಂಬ ಶಾಸನತಜ್ಞನು ೧೯೦೪ರಲ್ಲಿ ಆ ಮಾತುಗಳು ಕನ್ನಡವಿರಬಹುದೆಂದು ಸೂಚಿಸಿದನು. ಬಳಿಕ ಆರ್. ಶಾಮಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಈ ವಿಷಯವನ್ನು ವಿಚಾರಿಸಿದರು. ೧೯೨೬ರಲ್ಲಿ ಬಾರ್ನೆಟ್ಟನು ಅದನ್ನು ನಿರಾಕರಿಸಿದನು. ಆ ಮಾತುಗಳು ತುಳುವೆಂದು ಇನ್ನು ಕೆಲವರು ವಾದಿಸಿರುವರು.

ನಮ್ಮ ನುಡಿಯ ಅತ್ಯಂತ ಪ್ರಾಚೀನವಾದ ಮಾತುಗಳು ನೈಲ್ ನದಿಯ ತೀರದಲ್ಲಿ ದೊರೆತಿವೆಯೆಂದರೆ ಯಾವ ಕನ್ನಡಿಗನ ಮನಸ್ಸು ಹಿಗ್ಗದು? ಆದಕಾರಣವೇ ಶಾಂಪೋಲಿಯಾನನ ಒರೆಗಲ್ಲನ್ನು ಇಲ್ಲಿ ತಪ್ಪದೆ ಬಳಸಬೇಕು. ಆ ಓದಿನಲ್ಲಿ 'ಬೇರೆ', 'ಕೊಂಚ' ಎಂಬ ಮಾತುಗಳು ಗ್ರೀಕ್ ಅಕ್ಷರಗಳಿಗೆ ಹೆಚ್ಚುಕಡಮೆ ಹೊಂದುವುದು ನಿಜ. ಆದರೆ 'ಮಧು' ಎಂದು ಓದುವೆಡೆಯಲ್ಲಿ ಮಕಾ­ರ ದಕಾರಗಳನ್ನು ಸ್ಥಳಾಂತರಿಸಬೇಕಾಗುತ್ತದೆ. 'ಹಾಕಿ' ಎಂಬ ರೂಪದಲ್ಲಿರುವ ಹಕಾರವು ಹಳಗನ್ನಡದ ಪಕಾರದಿಂದ ಎಷ್ಟೋ ಶತಮಾನಗಳ ತರುವಾಯ ಬಂದುದು. ಎರಡನೆಯ ಶತಮಾನದ ಕನ್ನಡಿಗನ ಬಾಯಲ್ಲಿ ಅದಿದ್ದಿತೆನ್ನುವುದು ಕಷ್ಟ. ಒಂದು ಅಕ್ಷರವನ್ನು ಬೇಕಾದೆಡೆಯಲ್ಲಿ ಬದಲಾಯಿಸಿಕೊಳ್ಳುವ ಸ್ವಾತಂತ್ರ್ಯವಿದ್ದರೆ ಆ ಮಾತುಗಳನ್ನು ಕನ್ನಡವೆಂದೂ ತುಳುವೆಂದೂ ಓದಬಹುದು. ಎರಡು ಓದುಗಳೂ ಸಾಧ್ಯವಾಗುವುದೇ ಎರಡೂ ಸಿದ್ಧವಾಗಿಲ್ಲವೆಂಬುದಕ್ಕೆ ಸಾಕ್ಷಿ. ನಗೆಗಾಗಿ ಬರೆದ ಪ್ರಹಸನದಲ್ಲಿ ಕವಿಯು ಅರ್ಥವಿಲ್ಲದ ಶಬ್ದಗಳನ್ನೇ ಪೋಣಿಸಿರಲೂಬಹುದು.

ಇದರಿಂದ ನಮ್ಮ ಕರಾವಳಿಗೂ ಈಜಿಪ್ಟಿಗೂ ಇದ್ದ ಸಂಬಂಧವು ಸುಳ್ಳಾಗುವುದಿಲ್ಲ. ಕೆಂಪುಸಮುದ್ರದ ತೀರದ ಬೆರೆನಿಕೆ ಎಂಬ ಬಂದರಿನಲ್ಲಿ ದೇವಾಲಯದ ನೆಲದಡಿಯಲ್ಲಿ ಭಾರತದ ಹರವಿಯೊಂದು ದೊರೆಯಿತು. ಅದರಲ್ಲಿ ಏಳು ಕಿಲೋಗ್ರಾಮಿಗೂ ಹೆಚ್ಚು ಮೆಣಸಿನ ಕಾಳುಗಳಿದ್ದುವು. ಆ ಕಾಳುಗಳಿಗೆ ಯಾರ ಅಭಿಮಾನದ ಬೆಂಬಲವೂ ಬೇಕಿಲ್ಲ. ಪ್ರಹಸನದ ಮಾತುಗಳ ವಿಷಯವಾದರೋ, ಅದೇ ಭಾಷೆಯ ಇನ್ನೊಂದು ಚೂರು ಆ ದಿಬ್ಬಗಳಿಂದಲೋ ಬೇರೆಡೆಯಿಂದಲೋ ಹೊರಬಂದು, ಇಂದಿನ ಓದಿನ ಬೆಲೆಗಳಿಂದಲೇ ಅದೂ ಓದಿಸಿಕೊಂಡರೆ ಅಂದು ನಾವು ಸಂತೋಷದಿಂದ ಒಪ್ಪಿಕೊಳ್ಳಬಹುದು. ಅಲ್ಲಿಯವರೆಗೆ ಅದನ್ನು ಪಾಠಪುಸ್ತಕಗಳಲ್ಲಿ ನಿಶ್ಚಿತವಾದ ಸಂಗತಿಯೆಂದು ಬರೆಯದೆ, ವಿಚಾರಾರ್ಹವಾದ ಊಹೆಯೆಂದು ಬರೆಯುವುದೇ ನ್ಯಾಯ. ಶಾಂಪೋಲಿಯಾನನ ಓದು ನಾಲ್ವತ್ತನಾಲ್ಕು ವರ್ಷಗಳ ಕಾಲ ತಾನಿಸ್ಸಿನ ಶಿಲೆಗಾಗಿ ಕಾದಿತು, ನಮ್ಮದೂ ಕಾಯಬಲ್ಲುದು.